ತೊಡೆ ತಟ್ಟಿದ ಕರಡಿ

ಆ ದಿನ ಬೆಳಗಾದದ್ದು ಕೋಳಿಗಳಿಗೂ ಸರಿಯಾಗಿ ಗೊತ್ತಾಗಲಿಲ್ಲ. ಮೂಡಣ ಕೆಂಪಾಗಬೇಕಾದ ಹೊತ್ತಿಗೆ ಮೋಡ ಇಳಿದುಬಂದು ಊರಿನ ಮಾಳಿಗೆಗಳ ಮೇಲೆಯೇ ಕೂತುಬಿಟ್ಟಿತ್ತು. ಸುರಿಯುವ ಮಳೆಯಲ್ಲ, ಜೋಳದ ಹಿಟ್ಟನ್ನು ಜರಡಿ ಹಿಡಿದ ಹಾಗೆ ಸಣ್ಣಗೆ, ಸದ್ದಿಲ್ಲದೆ ಇಳಿಯುವ ಜಿಟಿಜಿಟಿ. ಶ್ರಾವಣದ ಕೊನೆಯ ದಿನಗಳು. ಪಡುವಣ ಗಾಳಿ ಎಲುಬಿಗೆ ತಾಕುವಂತೆ ಬೀಸುತ್ತಿತ್ತು. ಮೇಲಿರುವವನು ಇಷ್ಟಾದರೂ ಕೊಟ್ಟನಲ್ಲ ಎಂದು ಎರೆಹೊಲಗಳು ಬಾಯಿ ತೆರೆದು ಅದನ್ನೇ ಕುಡಿಯುತ್ತಿದ್ದವು.

ಇಂಥ ಹವೆಯಲ್ಲಿ ಕಲ್ಲುನೆಲದ ಮಡ್ಡಿಯ ಮೇಲೆ ಕುರಿ ಕಾಯುವವರು ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ನೆತ್ತಿಯಿಂದ ಮೊಣಕಾಲಿನವರೆಗೆ ಹೊದ್ದುಕೊಳ್ಳುತ್ತಾರೆ. ಗಾಳಿಗೆ ಬೆನ್ನು ಬಾಗಿಸಿ ನಡೆಯುತ್ತಾರೆ. ದೂರದಿಂದ ನೋಡಿದವರಿಗೆ ಮುಖ ಕಾಣುವುದಿಲ್ಲ, ಕೈಕಾಲು ಕಾಣುವುದಿಲ್ಲ. ಕರಿಯ ಗುಡ್ಡೆಯೊಂದು ತಾನಾಗಿ ಸರಿದಂತೆ ಕಾಣುತ್ತದೆ. ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಕಸ್ತೂರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಿಂದ ಮಾವನ ಗುಡುಗು ಕೇಳಿಬಂತು.

"ಹಿಡಿ! ಹಾಂ! ಹಂಗ ಎಳಿ! ಬಂತು ನೋಡು ಕರಡಿ ತೊಗಲು!"

ರಾಚಪ್ಪ ಪೈಲ್ವಾನ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಒಂದು ಕಾಲಕ್ಕೆ ಸುತ್ತಲಿನ ಸೀಮೆಯ ಯಾವ ಕುಸ್ತಿ ಕಣದಲ್ಲೂ ಅವನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಕಂಡವರಿರಲಿಲ್ಲ. ಈಗ ಲಕ್ವಾ ಹೊಡೆದು ಮೈಯ ಎಡಭಾಗ ಪೂರ್ತಿ ಸತ್ತಿತ್ತು. ಬಲಗೈಯೊಂದು ಮಾತ್ರ ಹಿಂದಿನ ಮನುಷ್ಯನ ಗುರುತಾಗಿ ಉಳಿದಿತ್ತು. ಆ ಕೈಗೆ ಈಗ ತಂತಿ ಹೆಣೆದ ಕೈಗವಸು, ಕಣ್ಣಿಗೆ ಆಟದ ಚಿತ್ರ ತೋರಿಸುವ ಅಗಲವಾದ ಕರಿ ಪಟ್ಟಿ. ಬೆರಳು ಮಡಿಚಿದರೆ ಆಟದೊಳಗಿನ ಉಕ್ಕಿನ ಮಲ್ಲ ಮುಷ್ಟಿ ಕಟ್ಟುತ್ತಿದ್ದ. ಮಣಿಕಟ್ಟು ಬಾಗಿಸಿದರೆ ನಾಲ್ಕು ಕಾಲಲ್ಲಿ ಓಡುತ್ತಿದ್ದ.

"ಮುದುಕಗ ಮುಂಜಾನೆದ್ದ ಕೂಡ್ಲೆ ಹೊಡದಾಟ," ಎಂದಳು ಅತ್ತೆ ತಂಗೆವ್ವ, ಚಹಾದ ಬಟ್ಟಲು ಇಡುತ್ತ. "ಮೋತಿ ತೊಳದಿಲ್ಲ, ಹಣಿಗೆ ಇಬತ್ತಿ ಹಚ್ಚಿಲ್ಲ. ದೇವರೂ ಕಾಯ್ಕೋಂತ ಕುಂತಾನ ಪಾಪ, ಈ ಪೈಲ್ವಾನನ ಕುಸ್ತಿ ಯಾವಾಗ ಮುಗದೀತಂತ."

"ಲೇ ತಂಗೆವ್ವ, ಇಬತ್ತಿ ಹಚ್ಚಗೊಂಡೇ ಕುಂತೀನಿ. ಪಟ್ಟಿ ಕೆಳಗ ಐತಿ. ನಿನಗ ಕಾಣವಲ್ದು."

"ಕರಡಿಗಾದರೂ ಕಾಣ್ತೈತೇನು?"

ರಾಚಪ್ಪ ಗಹಗಹಿಸಿ ನಕ್ಕ. ಆ ನಗೆ ಕೇಳಿ ಕಸ್ತೂರಿಯ ಕೈ ರೊಟ್ಟಿಯ ಮೇಲೆ ಒಂದು ಗಳಿಗೆ ತಡೆಯಿತು. ಲಕ್ವಾ ಹೊಡೆದ ಮೇಲೆ ವರ್ಷಗಟ್ಟಲೆ ಗೋಡೆ ನೋಡುತ್ತ ಮಲಗಿದ್ದ ಮನುಷ್ಯ ಅವನು. ಈ ಆಟದ ಸಾಮಾನನ್ನು ಮನೆಗೆ ತಂದವಳು ಅವಳೇ. ಅವಳು ದುಡಿಯುವ ಕಂಪನಿಯವರು ಕೆಲಸದವರ ಮನೆಗೆಂದು ಪುಕ್ಕಟೆ ಕೊಟ್ಟಿದ್ದರು. ಗಂಡ ಟ್ಯಾಂಕರ್ ಓಡಿಸುತ್ತ ತಿಂಗಳುಗಟ್ಟಲೆ ಹೊರಗಿರುತ್ತಿದ್ದ. ಮನೆಯಲ್ಲಿ ಒಂದು ನಗು ಕೇಳಿದರೆ ಸಾಕೆಂದು ತಂದಿದ್ದಳು. ಮಾವ ಅದರೊಳಗೆ ಹೊಕ್ಕವನು ಎದ್ದು ನಿಂತಂತಾದ. 'ಕಾವಲುಕೋಟೆ' ಎಂಬ ಆ ಆಟದಲ್ಲಿ ದೇಶವಿದೇಶದ ಹುಡುಗರನ್ನೆಲ್ಲ ಹಿಂದೆ ಹಾಕಿ ಮೇಲಿನ ಸಾಲಿಗೆ ಬಂದಿದ್ದ. ಆ ಹುಡುಗರಿಗೇನು ಗೊತ್ತು, ತಾವು ಹೊಗಳುವ ಮಲ್ಲನೊಳಗೆ ಹಲ್ಲಿಲ್ಲದ ಮುದುಕನಿದ್ದಾನೆಂದು.

ರೊಟ್ಟಿ ಮುರಿದು ಅವನ ಮುಂದಿಡುವಾಗ ಅವನು ಪಟ್ಟಿಯನ್ನು ಹಣೆಗೇರಿಸಿದ.

"ಕಸ್ತೂರಿ, ನಿಮ್ಮ ಸಾಹೇಬಗ ಒಂದು ಮಾತು ಹೇಳಬೇ. ಆಟ ಛಲೋ ಮಾಡ್ಯಾರ, ಆದರ ಒಂದು ಕೊರತಿ ಐತಿ."

"ಏನ್ರಿ ಮಾವಾರ?"

"ನಮ್ಮ ಗರಡ್ಯಾಗ ಇಳಿಯೂ ಮೊದಲ ಮಣ್ಣ ಹಣಿಗೆ ಹಚ್ಚಗೋತಿದ್ವಿ. ಗೆದ್ದ ಮ್ಯಾಲೆ ಬಿದ್ದವನ್ನ ಎಬ್ಬಿಸಿ ಅವನ ಬೆನ್ನಿನ ಮಣ್ಣು ನಾವ ಕೊಡವತಿದ್ವಿ. ಕೊಡವೋ ತನಕ ಕುಸ್ತಿ ಮುಗೀಲಿಲ್ಲಂತ ಲೆಕ್ಕ. ಇಲ್ಲಿ ನೋಡು, ಕರಡಿ ತೊಗಲ ಕೈಗೆ ಬಂತಂದ್ರ ಕರಡಿ ಮಾಯ. ಕೊಡವಬೇಕಂದ್ರ ಬೆನ್ನ ಇಲ್ಲ! ಗೆದ್ದರೂ ಏನೋ ಬಾಕಿ ಉಳದಂಗ ಆಗ್ತೈತಿ."

"ಆಟರಿ ಅದು," ಎಂದಳು ಕಸ್ತೂರಿ. ಮುಖ ತಿರುಗಿಸಿ ಛತ್ರಿ ತೆಗೆದುಕೊಂಡಳು.

ಏಕೆಂದರೆ ಅದು ಬರೀ ಆಟವಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ಊರಾಚೆಯ ಗುಂಡುಗಲ್ಲ ಮಡ್ಡಿಯ ತುಂಬ ಕಂಪನಿಯವರು ಬಿಸಿಲು ಹಿಡಿದು ಕರೆಂಟು ಮಾಡುವ ಗಾಜಿನ ಹಲಗೆಗಳನ್ನು ಹಾಸಿದ್ದರು. ನಿಂತು ನೋಡಿದರೆ ದಿಗಂತದವರೆಗೆ ನೀಲಿ ಕೆರೆ. ಇಷ್ಟು ಗಾಜು ಹಾಸಿದ ಮೇಲೆ ಕಾಯಬೇಕಲ್ಲ. ಕಾವಲುಗಾರನನ್ನಿಟ್ಟರೆ ಅವನಿಗೆ ಸಂಬಳ ಬೇಕು, ನಿದ್ದೆ ಬೇಕು, ತಂಗಿಯ ಮದುವೆಗೆ ರಜೆ ಬೇಕು. ತಾನಾಗಿ ನಡೆಯುವ ಯಂತ್ರ ಬಿಟ್ಟರೆ ಅದು ಆ ಕಲ್ಲು ಕೊರಕಲುಗಳಲ್ಲಿ ಮುಗ್ಗರಿಸಿ ಬೀಳುತ್ತದೆ. ಆಗ ಎಲ್ಲೋ ಕೂತ ಒಬ್ಬ ಬುದ್ಧಿವಂತನಿಗೆ ಹೊಳೆಯಿತು: ಜಗತ್ತಿನ ತುಂಬ ಜನ ಕೈಯಿಂದ ದುಡ್ಡು ಕೊಟ್ಟು ಸುಳ್ಳು ಕೋಟೆಗಳನ್ನು ಕಾಯುತ್ತಿದ್ದಾರೆ. ಅವರಿಗೆ ಹೇಳದೆಯೇ ನಿಜವಾದ ಕೋಟೆಯನ್ನು ಕಾಯಲು ಕೊಟ್ಟರೆ?

ಹಾಗೆ ನಾಲ್ಕು ಕಾಲು, ಎರಡು ತೋಳಿನ ಉಕ್ಕಿನ ಯಂತ್ರಗಳು ಮಡ್ಡಿಗೆ ಬಂದವು. ಅವುಗಳ ಹಣೆಯಲ್ಲಿ ಕಾವು ನೋಡುವ ಕಣ್ಣು. ಮನುಷ್ಯನ ಮೈಕಾವು ಆ ಕಣ್ಣಿಗೆ ಬಿದ್ದರೆ ಯಂತ್ರ ಆಟಗಾರನ ಮಾತು ಕೇಳದೆ ಹಿಂದೆ ಸರಿಯುತ್ತಿತ್ತು. ಆಟದ ಚಿತ್ರದಲ್ಲಿ ಆ ಮನುಷ್ಯನ ಜಾಗದಲ್ಲಿ ಖಾಲಿ ಹುಲ್ಲು ಮೂಡುತ್ತಿತ್ತು. ಉಳಿದದ್ದೆಲ್ಲ ಪ್ರಾಣಿ. ಸಣ್ಣದಾದರೆ ತೋಳ, ಗಿಡ್ಡಗಿದ್ದರೆ ಹಂದಿ, ಎತ್ತರವಾಗಿದ್ದು ಕಪ್ಪಗಿದ್ದರೆ ಕರಡಿ. ಹಂದಿ, ನಾಯಿ, ಬೀಡಾಡಿ ದನಗಳನ್ನು ಬೆದರಿಸಿ ಓಡಿಸುವುದಷ್ಟೇ ಇದರ ಕೆಲಸವೆಂದು ಕಸ್ತೂರಿಗೆ ಸೇರುವಾಗ ಹೇಳಿದ್ದರು. ಹೊರಗೆ ಬಾಯಿ ಬಿಡಬಾರದೆಂದು ಸಹಿ ಮಾಡಿಸಿಕೊಂಡಿದ್ದರು. ಅವಳು ಬಾಯಿ ಬಿಟ್ಟಿರಲಿಲ್ಲ. ನಮ್ಮ ಮಡ್ಡಿಯಲ್ಲಿ ಕರಡಿ ಎಲ್ಲಿಂದ ಬಂತು ಎಂದು ಕೇಳಿಯೂ ಇರಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಗೋಡೆಯಗಲದ ನಕ್ಷೆ. ಯಂತ್ರಗಳು ನೀಲಿ ಚುಕ್ಕಿ, ಪ್ರಾಣಿಗಳು ಕೆಂಪು ಚುಕ್ಕಿ, ಮನುಷ್ಯರು ಹಸಿರು. ಅದನ್ನು ನೋಡುತ್ತ ಕೂರುವುದು ಕಸ್ತೂರಿಯ ಕೆಲಸ. ಪಕ್ಕದ ಚಿಕ್ಕ ಪರದೆಯಲ್ಲಿ ಆಟದ ಚಿತ್ರ ಓಡುತ್ತಿತ್ತು. ಅಂದು ನಕ್ಷೆಯ ತೆಂಕಣ ಮೂಲೆಯಲ್ಲಿ, ಹಳ್ಳದ ಸಲುವಾಗಿ ಬೇಲಿ ತೆರವು ಬಿಟ್ಟ ಕಡೆ, ಕೆಂಪು ಚುಕ್ಕಿಗಳು ಸಾಸಿವೆ ಚೆಲ್ಲಿದಂತೆ ತುಂಬಿದ್ದವು.

"ಭರ್ಜರಿ ದಿನ ಇವತ್ತು," ಎಂದರು ಸುದರ್ಶನ್ ಸಾಹೇಬರು. ಈ ಸೀಮೆಯವರಲ್ಲ, ತೆಂಕಣ ಊರಿನಿಂದ ಬಂದವರು, ಯಾವಾಗಲೂ ನಗುವ ಬಾಯಿ. "ಹಿಂಡು ಹಿಂಡಾಗಿ ಬಂದಿವೆ. ಆಟಗಾರರು ಖುಷಿಯಾಗಿದ್ದಾರೆ."

ಜಿಟಿಜಿಟಿಯಲ್ಲೇ ನೆಂದ ತಾರಸಿ ಆ ಹೊತ್ತಿಗೆ ಸೋರತೊಡಗಿತು. ನಕ್ಷೆಯ ಮೇಲೆ ಟಪ್ಪೆಂದು ಒಂದು ಹನಿ. ಒರೆಸಲು ಬಟ್ಟೆ ಬೇಕಿತ್ತು. ಹಿಂದಿನ ಕೋಣೆಯಲ್ಲಿ ಯಂತ್ರಗಳು ತಂದು ಚೆಲ್ಲುವ ಚಿಂದಿ ಬಿದ್ದಿರುತ್ತದೆ, ಅದರಲ್ಲೇ ಒಂದು ತನ್ನಿ ಎಂದರು ಸಾಹೇಬರು. ಹೊರಗಿನ ಗೋಡೆಗೆ ಯಂತ್ರಗಳಿಗಾಗಿ ಒಂದು ಕಿಂಡಿ ಇತ್ತು. ಆಟದಲ್ಲಿ ಕಿತ್ತ 'ತೊಗಲನ್ನು' ತಂದು ಅಲ್ಲಿ ಹಾಕಿದರೆ ಆಟಗಾರನಿಗೆ ಅಂಕ. ಕಸ್ತೂರಿ ಆ ಕೋಣೆಯ ಬಾಗಿಲನ್ನು ಎಂದೂ ತೆರೆದಿರಲಿಲ್ಲ.

ತೆರೆದಾಗ ಮೊದಲು ಬಂದದ್ದು ವಾಸನೆ. ನೆನೆದ ಉಣ್ಣೆಯ ವಾಸನೆ. ಕೋಣೆಯ ಅರ್ಧದವರೆಗೆ ಕರಿ ಕಂಬಳಿಗಳು ಬಿದ್ದಿದ್ದವು. ಕೆಲವು ನಡುವೆ ಹರಿದಿದ್ದವು. ಕೆಲವಕ್ಕೆ ಬಿಳಿ ಅಂಚು, ಕೆಲವಕ್ಕೆ ಕೆಂಪು. ಒಂದರ ಮೂಲೆಗೆ ಎಲೆಯಡಿಕೆಯ ಸಣ್ಣ ಚೀಲ ಗಂಟು ಹಾಕಿದಂತೆಯೇ ಇತ್ತು. ಇನ್ನೊಂದರ ಮೇಲೆ ದೇವರ ಅರಿಸಿನಪುಡಿಯಾದ ಭಂಡಾರ ನೆನೆದು ಹಳದಿಯಾಗಿ ಹರಡಿತ್ತು. ಕಸ್ತೂರಿ ಅದನ್ನು ಮುಟ್ಟಿದಳು. ಹೊರಗಡೆ ಹಾವಿನ ಮೈಯಂತೆ ತಣ್ಣಗೆ. ಮಡಿಕೆಯೊಳಗೆ ಕೈ ತೂರಿಸಿದಳು. ಒಳಗೆ, ಯಾರೋ ಈಗ ಬಿಟ್ಟು ಎದ್ದ ಹಾಗೆ, ಬೆಚ್ಚಗೆ.

ಒಳಗಿನ ಕಾವನ್ನು ಹೊರಗೆ ಬಿಡದಿರುವುದೇ ಕಂಬಳಿಯ ಧರ್ಮ. ಚಳಿಯಿಂದ ಬಡವನನ್ನು ಕಾಯಲೆಂದು ಕುರಿಯ ಮೈಮೇಲೆ ದೇವರು ಬೆಳೆಸಿದ್ದು ಅದನ್ನು. ಉಕ್ಕಿನ ಕಣ್ಣಿಗೆ ಮಾತ್ರ ಆ ಕಾವು ಕಾಣಲಿಲ್ಲ. ಕಾಣದ ಮೇಲೆ ಕಂಬಳಿಯೊಳಗಿನವನು ಮನುಷ್ಯನಾಗಿ ಉಳಿಯಲಿಲ್ಲ.

ಬಟ್ಟೆ ತರದೆ ಓಡಿಬಂದಳು.

"ಸರ್, ಕರಡಿ ಅಲ್ರಿ ಅವು! ಕುರುಬರು. ಕಂಬಳಿ ಹೊದ್ದಾರ್ರಿ, ಕಾವು ಹೊರಗ ಬರಂಗಿಲ್ಲ. ಕಂಬಳಿ ಕಿತ್ತ ಮ್ಯಾಲೆ ಮನಶ್ಯಾ ಕಾಣ್ತಾನ, ಯಂತ್ರ ಹಿಂದ ಸರೀತೈತಿ. ಅದಕ್ಕ ಆಟದಾಗ ಕರಡಿ ಮಾಯ ಆಗತೈತ್ರಿ!"

ಸಾಹೇಬರು ನಕ್ಷೆಯಿಂದ ಕಣ್ಣು ತೆಗೆಯಲಿಲ್ಲ. "ಹಸಿರು ಚುಕ್ಕಿ ಇದೆಯಾ?"

"ಇಲ್ರಿ, ಅದನ್ನ ಹೇಳಾಕತ್ತೀನಿ—"

"ಹಸಿರಿಲ್ಲ ಅಂದ್ರೆ ಮನುಷ್ಯ ಇಲ್ಲ. ನನ್ನ ಮುಂದೆ ಇರೋದು ಅಷ್ಟೇ."

ಅವರಿಗೆ ಇದು ಹೊಸ ಸುದ್ದಿಯಲ್ಲವೆಂದು ಅವಳಿಗೆ ಆ ಕ್ಷಣ ತಿಳಿಯಿತು. ಅವರ ಬಾಯಿ ಇನ್ನೂ ನಗುತ್ತಲೇ ಇತ್ತು.

ಅಷ್ಟರಲ್ಲಿ ಚಿಕ್ಕ ಪರದೆಯಲ್ಲಿ ಕಹಳೆ ಮೊಳಗಿತು. ಎಷ್ಟೋ ಹೊತ್ತಿನಿಂದ ಏಟು ತಿಂದರೂ ತೊಗಲು ಬಿಡದ ಕರಡಿಯೊಂದು ತೆಂಕಣ ಮೂಲೆಯಲ್ಲಿತ್ತು. ಆಟ ತಾನಾಗಿ ಅದರ ತಲೆಗೆ ಕಿರೀಟ ಬರೆಯಿತು. 'ಕರಡಿರಾಜ!' ಎಂದು ಸಾರಿತು. ಮಡ್ಡಿಯ ನಾಲ್ಕು ದಿಕ್ಕಿನಿಂದ ನೀಲಿ ಚುಕ್ಕಿಗಳು ಅತ್ತ ಹರಿಯತೊಡಗಿದವು.

"ನಿಲ್ಲಸ್ರಿ ಸರ್."

"ಎಷ್ಟು ದೇಶದ ಜನ ಕೂತು ನೋಡ್ತಿದಾರೆ ಗೊತ್ತಾ ನಿಮಗೆ? ಈಗ ನಿಲ್ಸಿದ್ರೆ ಇದೆಲ್ಲ ನಿಜ ಅಂತ ನಾವೇ ಡಂಗುರ ಹೊಡೆದ ಹಾಗೆ. ತೊಗಲು ಬಿಟ್ರೆ ಅವನಿಗೇನೂ ಆಗಲ್ಲ. ಬಿಡಲಿ."

ಬೇಲಿಯ ಕಂಬಗಳಿಗೆ ಧ್ವನಿವರ್ಧಕಗಳಿದ್ದವು, ಅಲ್ಲಿಯ ಮಾತು ಇಲ್ಲಿಗೆ ಕೇಳುವಂತೆಯೂ ಇತ್ತು. ಕಸ್ತೂರಿ ಮೈಕಿನ ಗುಂಡಿ ಒತ್ತಿದಳು.

"ಹಳ್ಳದ ಕಡೆ ಇರೋರು ಕೇಳ್ರಿ! ಮೈಮ್ಯಾಲಿನ ಕಂಬಳಿ ತಗದು ದೂರ ಒಗೀರಿ! ಕಂಬಳಿ ತಗದ್ರ ಯಂತ್ರ ಹಿಂದ ಸರೀತಾವು!"

ಗಾಳಿಯ ಸದ್ದು. ಕುರಿಗಳ ಅರಚಾಟ. ಆಮೇಲೆ ಒಬ್ಬ ಹೆಣ್ಣುಮಗಳ ದನಿ, ಕಂಬದ ಹತ್ತಿರದಿಂದಲೇ ಬಂತು.

"ಯಾರಬೇ ನೀನು? ಇಷ್ಟ ದಿನ ಉಕ್ಕಿನ ದನಾ ಬಿಟ್ಟು ಕಸಗೊಂಡ್ರಿ, ಈಗ ಬಾಯಲೇ ಕಸಗೋಬೇಕಂತ ಮಾಡೀರೇನು?"

"ಹಂಗಲ್ಲವ್ವಾ, ನಾ ಹೇಳೋದು ಕೇಳು—"

"ಅವ್ವಾ ಅನಬ್ಯಾಡ ನನಗ! ನಿನ್ನ ಬಾಯಾಗ ಆ ಮಾತು ಹೊಲಸ ಆಗ್ತೈತಿ. ಅಲ್ಲಿ ಬಿದ್ದಾಂವ ನಮ್ಮಪ್ಪ. ಅವನ ಮೈಮ್ಯಾಲಿರೋದು ದೇವರ ಗದ್ದಿಗಿ ಕಂಬಳಿ. ಅದನ್ನ ಹಾಸಿ ಅದರ ಮ್ಯಾಲ ಭಂಡಾರ ಇಟ್ಟು ದೇವರ್ನ ಕುಂಡ್ರಸ್ತೀವಿ. ಎಲುಬು ಮುರದ್ರೂ ಅಂವ ಅದನ್ನ ಬಿಡಂಗಿಲ್ಲ. ಪೊಲೀಸರಿಗಿ ಹೇಳಿದ್ವಿ, ಯಂತ್ರ ಕಂಬಳಿ ಕದೀತಂತ ಬರಕೋಬೇಕೇನು ಅಂತ ನಕ್ಕು ಕಳಸಿದ್ರು. ಏಟಿಗಿ ಅಡ್ಡ ಇರಲೆಂತ ಬಿಸಲಾಗೂ ಒಂದರ ಮ್ಯಾಲ ಒಂದು ಹೊದಕೊಂಡು ಅಡ್ಯಾಡಾಕತ್ತೀವಿ. ಅದನ್ನೂ ತಗದು ಒಗೀಬೇಕಂತ! ನಿನ್ನ ಮನಿ ಹಾಳಾಗಲಿ!"

ಕಸ್ತೂರಿ ಗುಂಡಿಯಿಂದ ಬೆರಳು ತೆಗೆದಳು. ಏಟು ಬಿದ್ದಷ್ಟೂ ಕಂಬಳಿ ಹೊದ್ದರು, ಹೊದ್ದಷ್ಟೂ ಕರಡಿಯಾದರು, ಕರಡಿಯಾದಷ್ಟೂ ಏಟು ಬಿದ್ದವು. ತಮ್ಮನ್ನು ಕಾಯುತ್ತದೆಂದು ಅಪ್ಪಿಕೊಂಡದ್ದೇ ಅವರನ್ನು ಹಿಡಿದುಕೊಡುತ್ತಿತ್ತು. ಇದನ್ನು ಅವರಿಗೆ ಹೇಳಿ ನಂಬಿಸಬಲ್ಲ ದನಿ ಅವಳ ಹತ್ತಿರ ಇರಲಿಲ್ಲ. ಇರುವ ದನಿ ಕಂಪನಿಯದು.

ಆಗ ಅವಳ ಮೊಬೈಲು ಬಡಿದುಕೊಂಡಿತು. ಮನೆಯಿಂದ. ಮಾವನ ದನಿ ಮೆಲ್ಲಗಿತ್ತು.

"ಕಸ್ತೂರಿ, ಕೆಲಸದಾಗ ಇದ್ದೀಯೇನು? ಒಂದು ಮಾತು ಕೇಳಬೇಕಿತ್ತು."

"ಮಾವಾರ, ಈಗ—"

"ನನ್ನ ಮುಂದ ದೊಡ್ಡ ಕರಡಿ ಐತಿ. ಕಿರೀಟದ್ದು. ನಾನ ಮೊದಲ ಬಂದು ಒಂದು ಹಾಕಿದೆ, ಬಿತ್ತು. ಬಿದ್ದು ಎದ್ದಿತು. ಎದ್ದು ಒಂದು ಚಿಟಕಿ ಮಣ್ಣು ತಗೊಂಡು ಹಣಿಗೆ ಹಚ್ಚಗೊಂತಬೇ. ಆಮ್ಯಾಲ ತೊಡಿ ತಟ್ಟಿತು." ಅವನ ದನಿ ಇನ್ನೂ ತಗ್ಗಿತು. "ಕರಡಿಗಿ ಯಾವ ಗರಡ್ಯಾಗ ಕಲಿಸ್ಯಾರ?"

ಸಾಹೇಬರು ಕುರ್ಚಿ ತಿರುಗಿಸಿ ಅವಳನ್ನೇ ನೋಡುತ್ತಿದ್ದರು. ತುಟಿಯ ಮೇಲೆ ಬೆರಳಿಟ್ಟರು.

"ಹೇಳಬೇ. ಆಟದಾಗ ಹಂಗ ಮಾಡಿಟ್ಟಾರಂದ್ರ ಹೂಂ ಅನ್ನು, ನಾ ಇನ್ನೊಂದು ಹಾಕತೀನಿ. ನೀ ಏನಂತೀಯೋ ಅದನ್ನ ನಂಬ್ತೀನಿ."

ಒಂದು 'ಹೂಂ' ಸಾಕಿತ್ತು. ಅವಳ ನೌಕರಿ ಉಳಿಯುತ್ತಿತ್ತು, ಮಾವನ ನಗೆ ಉಳಿಯುತ್ತಿತ್ತು. ಪರದೆಯಲ್ಲಿ ಉಳಿದ ಮಲ್ಲರು ಬಂದು ಸುತ್ತುಗಟ್ಟುತ್ತಿದ್ದರು. ನಡುವೆ ಆ ಕರಡಿ ಒಂದು ಮೊಣಕಾಲೂರಿ, ಕಂಬಳಿಯನ್ನು ಎದೆಗೆ ಅವಚಿಕೊಂಡಿತ್ತು.

"ಕರಡಿ ಅಲ್ರಿ ಮಾವಾರ," ಎಂದಳು ಕಸ್ತೂರಿ. "ಮನಶ್ಯಾ. ನಮ್ಮ ಗುಂಡುಗಲ್ಲ ಮಡ್ಡೀನ ಅದು. ಮೊದಲಿಂದ್ಲೂ ಮನಶ್ಯಾರ."



"ಹಂಗಾರ ಆ ತೊಗಲು?"

"ಕಂಬಳಿರಿ."

"ಶಿವಶಿವಾ," ಎಂದ ರಾಚಪ್ಪ. ಅಷ್ಟೇ. ಮೊಬೈಲು ಹಾಸಿಗೆಯ ಮೇಲೆ ಬಿದ್ದ ಸದ್ದಾಯಿತು.

ಪರದೆಯಲ್ಲಿ ಒಬ್ಬ ಮಲ್ಲ ಮುಂದೆ ನುಗ್ಗಿದ. ಉಳಿದವರು ಹೋ ಎಂದು ಕೂಗಿದರು. ಮೇಲಿನ ಸಾಲಿನ ಆಟಗಾರ ಕೊನೆಯ ಏಟು ಹಾಕುತ್ತಾನೆಂದು. ಅವನು ಹಾಕಲಿಲ್ಲ. ಕರಡಿಯ ಎರಡು ಮಗ್ಗುಲಿಗೆ ಎರಡೆರಡು ಕಾಲು ಊರಿದ, ಹೊಟ್ಟೆಯನ್ನು ಅದರ ಮೇಲೆ ಚಾವಣಿಯಂತೆ ತಂದು ನಿಲ್ಲಿಸಿದ, ತೋಳು ಮಡಚಿ ಎದೆಗೆ ಕಟ್ಟಿದ. ಹಾಗೇ ನಿಂತುಬಿಟ್ಟ.

ಉಳಿದವರು ಎತ್ತಿದ ತೋಳುಗಳು ಅರ್ಧಕ್ಕೇ ತಡೆದವು. ಆ ಯಂತ್ರಗಳಿಗೆ ಕಂಪನಿ ಕಲಿಸಿಟ್ಟ ಒಂದು ಕಟ್ಟಳೆಯಿತ್ತು: ಒಂದು ಯಂತ್ರ ಇನ್ನೊಂದನ್ನು ಹೊಡೆಯಬಾರದು. ಉಕ್ಕು ತುಟ್ಟಿ ನೋಡಿ.

ಬೈಗುಳಗಳ ಮಳೆ ಶುರುವಾಯಿತು. ದ್ರೋಹಿ, ಹೇಡಿ, ಸರಿ ಅತ್ತ. ಲೋಕದ ಎಷ್ಟೋ ಭಾಷೆಗಳಲ್ಲಿ ಅಕ್ಷರಗಳು ಪರದೆಯ ಕೆಳಗೆ ಹರಿದವು.

"ಯಾರವನು?" ಸಾಹೇಬರು ಎದ್ದು ನಿಂತು ಗುಂಡಿಗಳನ್ನು ಒತ್ತಿದರು. ಹೆಸರು ಬಂತು. ಅವರ ಬಾಯಿಯ ನಗೆ ಅಂದು ಮೊದಲ ಸಲ ಆರಿತು. "ನಿಮ್ಮ ಮನೆಯ ಸಾಮಾನಿದು! ಹೇಳಿ ಅವರಿಗೆ, ಈಗಲೇ ಸರೀಬೇಕು ಅಂತ!"

ಕಸ್ತೂರಿ ಮೊಬೈಲನ್ನು ಬಾಯಿಯ ಹತ್ತಿರ ತಂದಳು. ಕೇಳಿಸಿತೋ ಇಲ್ಲವೋ, ಗಟ್ಟಿಯಾಗಿ ಕೂಗಿದಳು. "ಮಾವಾರ! ಸರೀಬ್ಯಾಡ್ರಿ!"

ಸಾಹೇಬರು ಅವಳ ಮುಖವನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ಮುಂದಿನ ಪರದೆಗೆ ಬಾಗಿ ರಾಚಪ್ಪ ಪೈಲ್ವಾನನ ಹೆಸರನ್ನು ಆಟದಿಂದ ಅಳಿಸಿಹಾಕಿದರು. ಸಿಟ್ಟಿನ ಕೈ. ಅಳಿಸಿದ ಮೇಲೆ ಆ ಯಂತ್ರ ಯಾರ ಮಾತನ್ನೂ ಕೇಳದು, ಯಾರೋ ಹೋಗಿ ಬೀಗ ತೆರೆಯುವವರೆಗೆ ಕಾಲುಗಳು ನಿಂತಲ್ಲೇ ಬಿಗಿದಿರುತ್ತವೆ ಎಂಬುದು ಅವರಿಗೆ ನೆನಪಾದದ್ದು ಆಮೇಲೆ. ನೀಲಿ ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿತು. ಮಳೆಯಲ್ಲಿ ಅದು ಹಳೆಯ ಕಲ್ಲಿನ ಮಂಟಪದಂತೆ ನಿಂತಿತು. ಅದರ ಕೆಳಗೆ ಒಂದು ಕೆಂಪು ಚುಕ್ಕಿ.

ಮೊಬೈಲಿನಿಂದ ದೂರದ ದನಿಯೊಂದು ಬಂತು. ಅಪ್ಪಣೆ ಕೇಳುವ ಮಗುವಿನ ದನಿಯ ಹಾಗಿತ್ತು.

"ಕಸ್ತೂರಿ... ಕತ್ತಲಾತು."

ಉಳಿದ ಆಟಗಾರರು ಸ್ವಲ್ಪ ಹೊತ್ತು ಸುತ್ತಿದರು. ಬೈದರು, ಬೇಸತ್ತರು, ಒಬ್ಬೊಬ್ಬರಾಗಿ ಬೇರೆ ಆಟಗಳಿಗೆ ಹೋದರು. ಬಿಸಿಲಿಲ್ಲದ ದಿನ, ಯಂತ್ರಗಳ ಹೊಟ್ಟೆಯ ಕರೆಂಟೂ ತೀರುತ್ತ ಬಂದಿತ್ತು. ನೀಲಿ ಚುಕ್ಕಿಗಳು ತಮ್ಮ ಗೂಡುಗಳ ಕಡೆ ತಿರುಗಿದವು.

ಕಸ್ತೂರಿ ಛತ್ರಿ ಮರೆತು ಹೊರಗೆ ಓಡಿದಳು.

ನಕ್ಷೆಯ ಮೇಲೆ ಬೆರಳಗಲವಿದ್ದ ದಾರಿ ನೆಲದ ಮೇಲೆ ಮುಗಿಯಲೊಲ್ಲದು. ಎರೆಮಣ್ಣು ಚಪ್ಪಲಿಯನ್ನು ಕಿತ್ತಿಟ್ಟುಕೊಂಡಿತು. ಹಳ್ಳದ ಹತ್ತಿರ ಬಂದಾಗ ಅವಳು ಮೊದಲ ಸಲ ಕಂಡಳು: ಕುರಿಗಳು ಬರೀ ಕುರಿಗಳಾಗಿದ್ದವು. ಕರಿ ಗುಡ್ಡೆಗಳಿಗೆ ಮುಖಗಳಿದ್ದವು. ಯಂತ್ರದ ಹೊಟ್ಟೆಯ ಕೆಳಗೆ ಬಿಳಿ ಮೀಸೆ, ಕಿವಿಯಲ್ಲಿ ಒಂಟಿ ಉಂಗುರ, ಬಾಗಿದರೂ ಅಗಲವಾದ ಹೆಗಲಿನ ಮುದುಕ. ಸುತ್ತಲಿದ್ದವರು ಮಾಳಿಂಗಪ್ಪ ಎಂದು ಕರೆಯುತ್ತಿದ್ದರು. ಅವನ ಬಲಭುಜ ಕೀಲು ತಪ್ಪಿ ಕೆಳಗೆ ಇಳಿಬಿದ್ದಿತ್ತು. ಎಡಗೈ ಇನ್ನೂ ಕಂಬಳಿಯನ್ನು ಬಿಟ್ಟಿರಲಿಲ್ಲ. ಮಗಳು ಹಾಲವ್ವ ಅವನನ್ನು ಹೊರಗೆಳೆಯಲು ತಿಣುಕುತ್ತಿದ್ದಳು.

ಕಸ್ತೂರಿ ಕೈ ಚಾಚಿದಳು.

"ಮುಟ್ಟಬ್ಯಾಡ!" ಹಾಲವ್ವ ಅವಳ ಎದೆಗೆ ಕೈಕೊಟ್ಟು ನೂಕಿದಳು. ಕಸ್ತೂರಿ ಕೆಸರಲ್ಲಿ ಕೂತಳು. "ಮೈಕಿನ್ಯಾಗ ಮಾತಾಡಿದಾಕಿ ನೀನ ಏನು? ದನಿ ಗುರ್ತ ಹತ್ತಿತು. ಎಲ್ಲಾ ಗೊತ್ತಿದ್ದು ಕುಂತಿದ್ದಿ."

"ಯಂತ್ರ ಅಂತ ಗೊತ್ತಿತ್ತು. ಮನಶ್ಯಾರ ಮ್ಯಾಲ ಬಿಡ್ತಾರಂತ ಗೊತ್ತಿರಲಿಲ್ಲ."

"ಗೊತ್ತ ಮಾಡಿಕೊಳ್ಳಾಕ ಮನಸ ಇರಲಿಲ್ಲ," ಎಂದಳು ಹಾಲವ್ವ. ಬೈಗುಳದ ದನಿಯಲ್ಲಿ ಹೇಳಿರಲಿಲ್ಲ. ಬೈಗುಳವಾಗಿದ್ದರೆ ಕಸ್ತೂರಿ ತಡೆದುಕೊಳ್ಳುತ್ತಿದ್ದಳು.

ಸಂಜೆ ಅವಳು ಮನೆಗೆ ಬಂದಾಗ ಬಾಡಿಗೆಯ ಟಂಟಂ ಗಾಡಿಯ ತುಂಬ ಕಂಬಳಿಗಳಿದ್ದವು. ಹಿಂದಿನ ಕೋಣೆಯಿಂದ ಅವಳೇ ಹೊತ್ತು ತುಂಬಿದ್ದಳು. ಸಾಹೇಬರು ಬಾಗಿಲಲ್ಲಿ ನಿಂತು, ಇದು ಕಳವು, ನಾಳೆಯಿಂದ ಬರಬೇಡಿ, ಬಾಯಿ ಬಿಟ್ಟರೆ ಕೋರ್ಟು ಎಂದರು. ಅವಳು ಮುಂದಿನ ಕಂಬಳಿ ಎತ್ತಿಕೊಂಡಳು.

ಪಡಸಾಲೆಯಲ್ಲಿ ಸದ್ದಿರಲಿಲ್ಲ. ಕಣ್ಣುಪಟ್ಟಿಯೂ ಕೈಗವಸೂ ಗೋಡೆಯ ಗೂಡಿನಲ್ಲಿ ದೇವರ ಪಟಗಳಿಗೆ ಬೆನ್ನು ಮಾಡಿ ಬಿದ್ದಿದ್ದವು. ರಾಚಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಆಟ ಬರುವುದಕ್ಕೆ ಮುಂಚಿನ ದಿನಗಳ ಹಾಗೆಯೇ. ತಂಗೆವ್ವ ಗಂಡನನ್ನು ಹಂಗಿಸಲಿಲ್ಲ. ಸೊಸೆ ಹೇಳಿದ್ದನ್ನೆಲ್ಲ ಕೇಳಿದಳು. ಎದ್ದು, ಒಂದೊಂದೇ ಕಂಬಳಿ ಹಿಂಡಿ, ಒಲೆಯ ಸುತ್ತ, ಕದದ ಮೇಲೆ, ಕಡೆಗೆ ಗಂಡನ ಮಂಚದ ಕಾಲುಕಡೆಗೂ ಹರವಿದಳು.

"ಕಸ್ತೂರಿ," ಎಂದ ರಾಚಪ್ಪ, ಗೋಡೆಗೆ ಹೇಳುವಂತೆ. "ಇದರಾಗ ನಾ ಕಿತ್ತವು ಯಾವು?"

"ಗೊತ್ತಾಗಂಗಿಲ್ರಿ ಮಾವಾರ. ಎಲ್ಲಾ ಕೂಡ್ಯಾವು."

"ಹಂಗಾರ ಎಲ್ಲಾ ನನ್ನವ."

ಗೋಡೆಯಿಂದ ಮುಖ ತಿರುಗಿಸದೆ ಮತ್ತೆ ಹೇಳಿದ. "ಅವನ್ನ ಬೀಳಿಸಿದಾಗ ಖುಷಿ ಆಗಿತ್ತಬೇ ನನಗ. ಮೈಯಾಗ ರಗತ ಹರದಂಗಾಗಿತ್ತು. ಅದನ್ನ ಏನ ಮಾಡ್ಲಿ?"

ತಂಗೆವ್ವ ಇನ್ನೊಂದು ಕಂಬಳಿ ಹಿಂಡಿದಳು. ಮನೆಯ ತುಂಬ ಉಣ್ಣೆಯ ವಾಸನೆ. ಹೊರಗೆ ಜಿಟಿಜಿಟಿ ನಿಂತಿರಲಿಲ್ಲ.

ಮರುದಿನ ಬೆಳಿಗ್ಗೆ ಮೋಡ ಹರಿದಿತ್ತು. ಹಳ್ಳದಾಚೆಯ ಬೀಳುಹೊಲದಲ್ಲಿ ಕುರುಬರು ಕುರಿಗಳಿಗೆ ಬೇಲಿ ಕಟ್ಟಿ ದಡ್ಡಿ ಹಾಕಿದ್ದರು. ಕಸ್ತೂರಿಯೂ ರಾಚಪ್ಪನೂ ಕೂತಿದ್ದ ಟಂಟಂ ಬಂದು ನಿಂತ ಕೂಡಲೇ ಎರಡು ನಾಯಿಗಳು ಚಕ್ರಕ್ಕೇ ಬಾಯಿ ಹಾಕಿದವು. ಯಾರೂ ಅವುಗಳನ್ನು ಕರೆಯಲಿಲ್ಲ. ಗಂಡಸರು ಕೊಡಲಿ ಕೋಲುಗಳ ಮೇಲೆ ಗದ್ದವೂರಿ ನೋಡುತ್ತ ನಿಂತರು.

"ಇಳೀಬ್ಯಾಡ್ರಿ," ಎಂದಳು ಹಾಲವ್ವ. "ಬಂದ ಕೆಲಸ ಅಲ್ಲಿಂದ್ಲೇ ಹೇಳ್ರಿ. ಭುಜ ಕೂಡಸಾಕ ನಾಟಿ ವೈದ್ಯ ಬಂದು ಹೋದ. ನಿಮ್ಮ ಔಷಧ ಬ್ಯಾಡ, ರೊಕ್ಕ ಬ್ಯಾಡ, ಮಾತಂತೂ ಬ್ಯಾಡೇ ಬ್ಯಾಡ."

"ಮಾತಾಡಾಕ ಬಂದಿಲ್ಲವ್ವಾ," ಎಂದ ರಾಚಪ್ಪ. "ಕೊಡೋದು ಐತಿ. ಕೊಟ್ಟು ಹೋಗ್ತೀನಿ."

ದಡ್ಡಿಯ ಬಾಯಿಯಲ್ಲಿ ಮಾಳಿಂಗಪ್ಪ ಕೂತಿದ್ದ. ಪಕ್ಕದಲ್ಲಿ ಮಡಿಚಿದ ಗದ್ದಿಗೆ ಕಂಬಳಿ, ಅದರ ಮೇಲೆ ಭಂಡಾರದ ಚೀಲ. ಬಲಗೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿದ್ದರು. ನಿನ್ನೆಯ ಅಂಗಿಯೇ ಮೈಮೇಲಿತ್ತು. ಭುಜ ಎತ್ತಲಾಗದೆ ಬಿಚ್ಚಿರಲಿಲ್ಲ. ಅವನು ರಾಚಪ್ಪನನ್ನು ನೋಡಿದ. ದನದಂಥ ಕತ್ತು, ಒಡೆದು ಮುದುಡಿದ ಕಿವಿ. ಕುಸ್ತಿ ಹಿಡಿದವರ ಕಿವಿಯನ್ನು ಕುಸ್ತಿ ಹಿಡಿದವರಿಗೆ ಪರಿಚಯ ಮಾಡಿಸಬೇಕಿಲ್ಲ.

"ಇಳಸ್ರಿ ಅವನ್ನ," ಎಂದ ಮಾಳಿಂಗಪ್ಪ.

ಕುರುಬರಾರೂ ಕೈ ಹಾಕಲಿಲ್ಲ. ಕಸ್ತೂರಿಯೂ ಗಾಡಿಯವನೂ ಸೇರಿ ರಾಚಪ್ಪನನ್ನು ಇಳಿಸಿ ನೆಲಕ್ಕೆ ಕೂರಿಸಿದರು. ಸತ್ತ ಕಾಲನ್ನು ಎಳೆಯುತ್ತ, ಬಲಗೈ ಊರಿಕೊಂಡು, ಅವನು ಆ ಕುರಿಹಿಕ್ಕೆಯ ನೆಲದ ಮೇಲೆ ಸರಿದು ಸರಿದು ಮಾಳಿಂಗಪ್ಪನ ಎದುರಿಗೆ ಬಂದ. ಒಂದು ಚಿಟಿಕೆ ಮಣ್ಣೆತ್ತಿ ವಿಭೂತಿಯ ಪಕ್ಕ ಹಣೆಗೆ ಹಚ್ಚಿಕೊಂಡ.

ಕಸ್ತೂರಿ ಗಾಡಿಯಿಂದ ಕಂಬಳಿ ತಂದು ಅವನ ಮಡಿಲಿಗಿಟ್ಟಳು. ಅವನು ಅದನ್ನು ಬಿಡಿಸಿ, ಒಣಗಿ ಅಂಟಿದ್ದ ಮಣ್ಣನ್ನು ಒಂಟಿಗೈಯಿಂದ ಕೊಡವಿ, ಮುಂದೆ ಚಾಚಿದ. ಮಾಳಿಂಗಪ್ಪ ಎಡಗೈಯಲ್ಲಿ ತೆಗೆದುಕೊಂಡು ಅಂಚು ಸವರಿ ನೋಡಿದ.

"ಇದು ಕರೆಪ್ಪಂದು."

ಒಬ್ಬ ಗಂಡಸು ಬಂದು ಕೈಯಿಂದ ಕಸಿದುಕೊಂಡು ಹೋದ. ಕಸ್ತೂರಿ ಇನ್ನೊಂದು ತಂದಳು. ರಾಚಪ್ಪ ಕೊಡವಿದ. "ಇದು ಯಮನವ್ವಂದು. ಬಾಣಂತಿ ಕಂಬಳಿ." ಇನ್ನೊಂದು. ಇನ್ನೊಂದು. ಯಾರೂ ನೀರು ಬೇಕೇ ಎನ್ನಲಿಲ್ಲ. ಬಿಸಿಲು ಏರಿತು. ರಾಚಪ್ಪ ಒಂದನ್ನೂ ಕೊಡವದೆ ಕೊಡಲಿಲ್ಲ. ಎಲೆಯಡಿಕೆಯ ಚೀಲ ಗಂಟು ಹಾಕಿದ್ದ ಕಂಬಳಿ ಬಂದಾಗ ಗಂಟನ್ನು ಬಿಚ್ಚದೆ ಹಾಗೇ ಕೊಟ್ಟ. ಅದು ಹಾಲವ್ವನದು. ಅವಳು ತೆಗೆದುಕೊಂಡಳು. ಕಣ್ಣಿನ ಬೆಂಕಿ ಆರಿರಲಿಲ್ಲ.

ಗಾಡಿ ಬರಿದಾಯಿತು. "ಆತಲ್ಲ," ಎಂದಳು ಹಾಲವ್ವ. "ಇನ್ನ ಹೊಂಡ್ರಿ."

ರಾಚಪ್ಪ ಕದಲಲಿಲ್ಲ. ಅವನ ಬಲಗೈ ಇನ್ನೂ ಮುಂದೆ ಚಾಚಿಯೇ ಇತ್ತು, ಬರಿದಾಗಿ.

ಮಾಳಿಂಗಪ್ಪ ಆ ಕೈಯನ್ನು ಬಹಳ ಹೊತ್ತು ನೋಡಿದ. ಕ್ಷಮಿಸಿದೆ ಎನ್ನುವ ಮುಖವಲ್ಲ ಅದು. ಬಾಯಿ ಬಿಗಿದೇ ಇತ್ತು. ಆಮೇಲೆ, ನೋಯುವ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಕೂತಲ್ಲೇ ಮೆಲ್ಲಗೆ ತಿರುಗಿ ಅವನಿಗೆ ಬೆನ್ನು ಕೊಟ್ಟ. ನಿನ್ನೆಯ ಎರೆಮಣ್ಣು ಅಂಗಿಯ ಮೇಲೆ ಒಣಗಿ, ಬಿರುಕು ಬಿಟ್ಟು, ಹೆಗಲಿನಿಂದ ನಡುವಿನವರೆಗೆ ಹತ್ತಿಕೊಂಡಿತ್ತು.

ರಾಚಪ್ಪ ಒಂದಿಷ್ಟು ಮುಂದೆ ಸರಿದ. ನೋಯುವ ಭುಜಕ್ಕೆ ತಾಗದ ಹಾಗೆ, ಮೇಲಿನಿಂದ ಕೆಳಗೆ, ಆ ಬೆನ್ನಿನ ಮಣ್ಣನ್ನು ಕೊಡವಿದ.